ತಪ್ಪು ಅರ್ಧ, ಪೆಟ್ಟು ಪೂರ್ತಿ

ಮೊದಲು ನಡೆದದ್ದನ್ನ ಹೇಳಿಬಿಡ್ತೀನಿ. ಯಾರ ತಪ್ಪು ಅನ್ನೋದನ್ನ ಆಮೇಲೆ ನೋಡೋಣ.

2024ರ ಮೇ 26, ಭಾನುವಾರ ಸಂಜೆ ಆರು ಗಂಟೆ ಸುಮಾರು. ದೊಡ್ಡಮ್ಮನ ಮಗನ ಮನೆ ಗೃಹಪ್ರವೇಶ ಮರುದಿನ ಬೆಳಗ್ಗೆ ಇತ್ತು. ಬೆಂಗಳೂರಿಂದ ಬಂದು ಊರಲ್ಲಿ ಅಮ್ಮನನ್ನ ಹತ್ತಿಸಿಕೊಂಡು ಶ್ರೀನಿವಾಸಪುರಕ್ಕೆ ಹೂವು ತರೋಕೆ ಹೋದ್ವಿ. ಮಾವಿನ ಕಾಲ. ಆ ಸಮಯದಲ್ಲಿ ಶ್ರೀನಿವಾಸಪುರ ಹೇಗಿರುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಮಂಡಿ ಕಡೆಯಿಂದ ಕ್ರೇಟು ತುಂಬಿದ ಲಾರಿ, ಟ್ರ್ಯಾಕ್ಟರು, ಟೆಂಪೋ, ಮಧ್ಯದಲ್ಲಿ ಬಸ್ಸು. ಫುಟ್‌ಪಾತ್ ಮೇಲೆ ಅಂಗಡಿ, ಅಂಗಡಿ ಮುಂದೆ ಗಾಡಿ, ಗಾಡಿ ಮುಂದೆ ನನ್ನ ಕಾರು. ಹೂವಿನಂಗಡಿ ಎದುರಿಗೇ ನಿಲ್ಲಿಸಿ ನಾನು ಇಳಿದು ಹೋಗಿದ್ದೆ. ಹೆಂಡತಿ ಮುಂದಿನ ಸೀಟಲ್ಲಿ. ಹಿಂದೆ ಎಡಗಡೆಗೆ ಕಾಲು ಚಾಚಿ ಮಗಳು ನಿದ್ದೆ ಹೋಗಿದ್ದಳು, ಹಾಗಾಗಿ ಅಮ್ಮ ಬಲಗಡೆ ಕೂತಿದ್ದರು, ಅಂದರೆ ರಸ್ತೆ ಕಡೆ.

ಅಮ್ಮ ಬಾಗಿಲು ತೆಗೆದರು. ಹಿಂದಿನಿಂದ ಬರ್ತಿದ್ದ ಒಂದು ಟಿವಿಎಸ್ ಎಕ್ಸೆಲ್ ಆ ಬಾಗಿಲಿಗೆ ತಾಗಿ ಬಿತ್ತು.

ಓಡಿಸ್ತಿದ್ದವರಿಗೆ ಅರವತ್ತರ ಆಸುಪಾಸು. ಪಕ್ಕದ ಹಳ್ಳಿಯಿಂದ ಟೌನಿನ ಒಂದು ಹೋಟೆಲಿಗೆ, ನಾಲ್ಕೈದು ಮನೆಗಳಿಗೆ ವರ್ತನೆ ಹಾಲು ಹಾಕೋರು. ಕ್ಯಾನ್ ಮುಚ್ಚಳ ಹಾರಿ ಹದಿನಾಲ್ಕು ಲೀಟರ್ ಹಾಲು ಟಾರ್ ಮೇಲೆ ಹರಿದು ಚರಂಡಿಗೆ ಹೋಯ್ತು. ಅವರು ಬಲಗೈ ಊರಿ ಬಿದ್ದಿದ್ದರು. ಮಣಿಕಟ್ಟು ನೋಡೋಕಾಗ್ತಿರಲಿಲ್ಲ.

ಎರಡು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ‘ಡೋರು ಸೂಸಿ ತೀಯಲ್ಲಾ ಗದಾ ಸಾರ್’ ಅಂತ ಒಬ್ಬ. ಬಾಗಿಲು ನೋಡಿಕೊಂಡು ತೆಗೀಬೇಕು ತಾನೆ ಅಂತ. ನಮ್ಮ ಕಡೆ ಜಗಳ ಶುರುವಾದರೆ ಕನ್ನಡದಲ್ಲೇ ಇದ್ದರೂ ತೆಲುಗಿಗೆ ಹೊರಳಿಬಿಡುತ್ತೆ. ಇನ್ನೊಬ್ಬ ನನ್ನ ಪರ: ‘ಇಷ್ಟು ಸಂದೀಲಿ ಆ ಸ್ಪೀಡಲ್ಲಿ ಬರ್ತಾರಾ?’ ನಾನೂ ದನಿ ಏರಿಸಿದೆ. ಏನಂದೆ ಅಂತ ಚೆನ್ನಾಗಿ ನೆನಪಿದೆ. ‘ನಿಂತಿರೋ ಕಾರಿಗೆ ಬಂದು ಗುದ್ದಿದರೆ ತಪ್ಪು ಯಾರದು ಸ್ವಾಮಿ? ಬಾಗಿಲು ಆಗಲೇ ತೆಗೆದಿತ್ತು.’

ಆ ಯಜಮಾನರು ಕೈ ಹಿಡಿದುಕೊಂಡು ಕೂತಲ್ಲಿಂದಲೇ ಒಂದು ಮಾತು ಹೇಳಿದರು. ‘ನಾನ್ ಬರೋವಾಗ ಬಾಗ್ಲು ಇರ್ಲಿಲ್ಲ ಸಾಮಿ. ನಾನ್ ಬಂದ್ಮೇಲೆ ಬಂತು.’

ಅಮ್ಮ ಇಳಿದು ಅವರ ಪಕ್ಕ ಕೂತು, ‘ಅಣ್ಣಾ, ನಾನೇ...’ ಅಂತ ಶುರು ಮಾಡಿದರು. ನಾನು ಅವರ ಭುಜ ಹಿಡಿದು ಎಬ್ಬಿಸಿ, ಕಿವಿ ಹತ್ತಿರ, ‘ನೀನು ಏನೂ ಹೇಳ್ಬೇಡ, ಕಾರಲ್ಲಿ ಕೂತ್ಕೋ’ ಅಂದೆ. ಅಮ್ಮ ಸುಮ್ಮನಾದರು. ಇಂಜಿನಿಯರಿಂಗ್ ಓದಿದ ಮಗ ಹೇಳಿದರೆ ಅದರಲ್ಲಿ ಏನೋ ಇರುತ್ತೆ ಅನ್ನೋದು ಅವರ ಹಳೇ ನಂಬಿಕೆ.

ಕೊನೆಗೆ ಪಂಚಾಯ್ತಿ ಮಾಡೋಕೆ ಒಬ್ಬ ಹಿರಿಯರು ಸಿಕ್ಕರು. ‘ಪೊಲೀಸು ಗಿಲೀಸು ಯಾಕೆ, ಮಾನವೀಯತೆ ದೃಷ್ಟಿಯಿಂದ ಏನಾದ್ರೂ ಕೊಟ್ಬಿಡಿ ಸಾರ್’ ಅಂದರು. ಆ ಪದ ಕಿವಿಗೆ ಬಿದ್ದಿದ್ದೇ ನನಗೆ ಎಷ್ಟು ಹಾಯೆನಿಸಿತು ಅಂತ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಮೂರು ಸಾವಿರ ಕೊಟ್ಟೆ. ಯಾರೋ ಅವರನ್ನ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದರು. ನನ್ನ ಕಾರಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಗ್ಗ ಕಟ್ಟಿಕೊಂಡು ಊರಿಗೆ ಹೋದ್ವಿ. ಹೂವು ಮರೆತೇ ಹೋಗಿತ್ತು.

*

ಸೋಮವಾರ ರಾತ್ರಿ ಬೆಂಗಳೂರಿಗೆ ವಾಪಸ್ ಬರುವಾಗ ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಒಂದು ವಿಷಯ ತಲೆಗೆ ಬಂತು. ಅದಕ್ಕೆ ಒಂದೂವರೆ ತಿಂಗಳ ಹಿಂದೆ, ಏಪ್ರಿಲ್ 8ಕ್ಕೆ, ಅದೇ ಕೆ.ಆರ್. ಪುರದಲ್ಲಿ ಲೋಕಸಭಾ ಚುನಾವಣಾ ಪ್ರಚಾರದ ವೇಳೆ ಶೋಭಾ ಕರಂದ್ಲಾಜೆಯವರ ಕಾರಿನ ಬಾಗಿಲನ್ನ ಚಾಲಕ ತೆರೆದಾಗ, ಹಿಂದೆ ಬರುತ್ತಿದ್ದ ಸ್ಕೂಟರ್ ಅದಕ್ಕೆ ತಾಗಿ, ಸವಾರ ರಸ್ತೆಗೆ ಬಿದ್ದು, ಬಸ್ಸು ಹರಿದು ತೀರಿಕೊಂಡಿದ್ದರು. ಸತ್ತವರು ಅವರದೇ ಪಕ್ಷದ ಕಾರ್ಯಕರ್ತ. ಆ ಸುದ್ದಿ ನಮ್ಮ ಆಫೀಸ್ ವಾಟ್ಸಾಪ್ ಗ್ರೂಪಿಗೆ ಬಂದಾಗ ನಾನು ಬರೆದಿದ್ದೆ: ‘ಮಿರರ್ ನೋಡದೆ ಡೋರ್ ತೆಗೆಯೋರಿಗೆ ಲೈಸೆನ್ಸ್ ಯಾಕೆ ಕೊಡ್ತಾರೋ.’ ಹನ್ನೊಂದು ಜನ ಥಂಬ್ಸ್ ಅಪ್ ಹಾಕಿದ್ದರು.

ಆ ದಿನ ನನಗೆ ಒಂದು ಕ್ಷಣವೂ ‘ನಿಂತಿರೋ ಕಾರು’ ಅನ್ನೋ ವಾದ ಹೊಳೆದಿರಲಿಲ್ಲ. ಬಾಗಿಲು ನನ್ನದಾದಾಗ ಮಾತ್ರ ಹೊಳೀತು.

ಹೆಂಡತಿ ಪಕ್ಕದಿಂದ ಕೇಳಿದಳು. ‘ಬಾಗಿಲು ಆಗಲೇ ತೆಗೆದಿತ್ತು ಅಂದೆಯಲ್ಲ, ನೀನು ನೋಡಿದ್ಯಾ?’

ನೋಡಿರಲಿಲ್ಲ. ನಾನು ಫೋನ್ ಹಿಡಿದು ಹೂವಿನಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡ್ತಿದ್ದೆ. ಆದರೆ ಹೇಳುವಾಗ ಸುಳ್ಳು ಹೇಳ್ತಿದೀನಿ ಅಂತ ಅನ್ನಿಸಲೇ ಇಲ್ಲ. ದಡ್ ಅನ್ನೋ ಶಬ್ದ ಕೇಳಿ ತಿರುಗಿದಾಗ ಬಾಗಿಲು ತೆಗೆದಿತ್ತು, ಅದು ನಿಜ. ಅದಕ್ಕೆ ಹಿಂದಿನ ಎರಡು ಸೆಕೆಂಡನ್ನ ನನ್ನ ತಲೆ ನನಗೆ ಬೇಕಾದ ಹಾಗೆ ತುಂಬಿಕೊಂಡಿತ್ತು. ಮನೆಗೆ ಬಂದು ಡ್ಯಾಶ್‌ಕ್ಯಾಮ್ ತೆಗೆದು ನೋಡಿದೆ. ಅದು ಮುಂದಕ್ಕೆ ಮಾತ್ರ ನೋಡೋ ಕ್ಯಾಮೆರಾ. ಬಲಗಡೆ ಅಂಚಿನಿಂದ ಗಾಡಿ ಜಾರಿಕೊಂಡು ಬರೋದು, ಮನುಷ್ಯ ಬೀಳೋದು, ಹಾಲು ಹರಿಯೋದು ಕಾಣುತ್ತೆ. ಬಾಗಿಲು ಕಾಣಲ್ಲ. ಐದು ಸಲ ನೋಡಿದೆ. ಐದನೇ ಸಲ ವಾಲ್ಯೂಮ್ ಜಾಸ್ತಿ ಮಾಡಿದೆ, ಅಂಗಡಿ ಕಡೆಯಿಂದ ನನ್ನ ದನಿ ಕೇಳಿಸಿತು: ‘ಬೇಗ ಇಳೀಮ್ಮ, ಇಲ್ಲಿ ಪಾರ್ಕಿಂಗ್ ಇಲ್ಲ.’

ಇದನ್ನ ನಾನು ಮರೆತಿದ್ದೆ. ಮೇಲೆ ನಡೆದದ್ದನ್ನ ಹೇಳುವಾಗ ನಿಮಗೂ ಹೇಳಲಿಲ್ಲ, ಗಮನಿಸಿರಬಹುದು.

*

ನಮ್ಮ ಕೆಲಸದಲ್ಲಿ ಪ್ರೊಡಕ್ಷನ್ ಬಿದ್ದರೆ ಆಮೇಲೆ ಒಂದು ಪೋಸ್ಟ್‌ಮಾರ್ಟಂ ಮೀಟಿಂಗ್ ಇರುತ್ತೆ. ಬ್ಲೇಮ್‌ಲೆಸ್ ಅಂತ ಅದಕ್ಕೆ ವಿಶೇಷಣ. ಯಾರು ಅನ್ನೋದನ್ನ ಕೇಳಬಾರದು, ಯಾಕೆ ಅನ್ನೋದನ್ನ ಮಾತ್ರ ಕೇಳಬೇಕು. ಆ ಹುಡುಗ ತಪ್ಪು ಕಮಾಂಡ್ ಹೊಡೆದ ಅಂತ ಬರೆಯಲ್ಲ, ಆ ಕಮಾಂಡ್‌ನ ತಡೆಯೋ ವ್ಯವಸ್ಥೆ ಇರಲಿಲ್ಲ ಅಂತ ಬರೀತೀವಿ. ಒಳ್ಳೇ ಪದ್ಧತಿ, ನನಗೆ ಇಷ್ಟ. ಆ ರಾತ್ರಿ ಅದನ್ನೇ ಮಾಡೋಕೆ ಕೂತೆ. ಅಮ್ಮ ಯಾಕೆ ನೋಡದೆ ತೆಗೆದರು? ಹಿಂದಿನ ಸೀಟಿನವರಿಗೆ ಸೈಡ್ ಮಿರರ್ ಕಾಣಲ್ಲ. ಅವರು ಜೀವನಪೂರ್ತಿ ಬಸ್ಸಲ್ಲಿ ಓಡಾಡಿದವರು, ಬಸ್ಸಿನ ಬಾಗಿಲು ರಸ್ತೆ ಕಡೆ ತೆಗೆಯೋದೇ ಇಲ್ಲ. ಬಲಗಡೆ ಯಾಕೆ ಕೂತಿದ್ದರು? ಮಗು ಮಲಗಿತ್ತು. ಚೈಲ್ಡ್ ಲಾಕ್ ಯಾಕೆ ಹಾಕಿರಲಿಲ್ಲ? ಮಗು ಎಡಗಡೆ ಕೂರುತ್ತೆ ಅಂತ ಆ ಕಡೆ ಮಾತ್ರ ಹಾಕಿದ್ದೆ. ಅಲ್ಲಿ ಯಾಕೆ ನಿಲ್ಲಿಸಿದೆ? ಬೇರೆ ಜಾಗ ಇರಲಿಲ್ಲ. ಫುಟ್‌ಪಾತ್ ಯಾಕೆ ಇರಲಿಲ್ಲ? ಹೀಗೆ ಹೋಗಿ ಹೋಗಿ ಪುರಸಭೆ ತನಕ ಬಂದು ನಿಂತೆ. ಮನಸ್ಸು ಹಗುರಾಯ್ತು.

ಆಮೇಲೆ ಆ ಹಗುರಾದ್ದೇ ಅನುಮಾನ ಹುಟ್ಟಿಸಿತು. ಆಫೀಸಲ್ಲಿ ಬ್ಲೇಮ್‌ಲೆಸ್ ಯಾಕೆ ನಡೆಯುತ್ತೆ ಅಂದರೆ, ನಷ್ಟ ಕಂಪನಿಯದು, ಸರಿಪಡಿಸೋದೂ ಕಂಪನಿಯೇ. ಯಾರ ಕೈಯೂ ಮುರಿದಿರಲ್ಲ. ಇಲ್ಲಿ ಹಾಗಲ್ಲ. ‘ಯಾರು’ ಅನ್ನೋ ಪ್ರಶ್ನೆಯನ್ನ ನಾನು ಬಿಟ್ಟ ಕೂಡಲೇ, ಆಸ್ಪತ್ರೆ ಬಿಲ್ಲು ಸುಮ್ಮನೆ ಬಿದ್ದವರ ಹತ್ತಿರವೇ ಉಳಿದುಬಿಡುತ್ತೆ. ಯಾರದೂ ತಪ್ಪಿಲ್ಲ ಅಂದರೆ ಪೆಟ್ಟು ತಿಂದವನೇ ಕಟ್ಟಬೇಕು ಅಂತಲೇ ಅರ್ಥ. ಮುಂದಿನ ಸಲ ಹೀಗಾಗದ ಹಾಗೆ ನೋಡಿಕೊಳ್ಳೋಕೆ ಬ್ಲೇಮ್‌ಲೆಸ್ ಬೇಕು. ಆದರೆ ಈ ಸಲದ ಲೆಕ್ಕ ಅದರಿಂದ ಚುಕ್ತಾ ಆಗಲ್ಲ.

(ಮುಂದಿನ ಸಲದ್ದು ಅಂದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಸರಳ ಅಭ್ಯಾಸ ಇದೆ. ಬಾಗಿಲಿಗೆ ಹತ್ತಿರದ ಕೈಯಲ್ಲಿ ತೆಗೆಯದೆ ದೂರದ ಕೈಯಲ್ಲಿ ತೆಗೆಯೋದು. ಬಲಗಡೆ ಕೂತಿದ್ದರೆ ಎಡಗೈ ಬಳಸಬೇಕು. ಆಗ ಮೈ ತಾನಾಗೇ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತೆ. ಬ್ರಿಟನ್ನಿನವರು 2022ರಲ್ಲಿ ತಮ್ಮ ಹೈವೇ ಕೋಡ್‌ಗೆ ಇದನ್ನ ಸೇರಿಸಿಕೊಂಡರು. ಖರ್ಚಿಲ್ಲ, ಇವತ್ತೇ ಶುರು ಮಾಡಬಹುದು.)

*

ಮುಂದಿನ ಶನಿವಾರ ಗ್ಯಾರೇಜಿಗೆ ಹೋದೆ. ನೋ ಕ್ಲೈಮ್ ಬೋನಸ್ ಉಳಿಯಲಿ ಅಂತ ಕೈಯಿಂದಲೇ ರಿಪೇರಿ ಮಾಡಿಸೋಣ ಅಂತ. ಟಿಂಕರಿಂಗ್ ಮಾಡೋ ಹುಡುಗ ಬಾಗಿಲನ್ನ ಆಚೆ ಈಚೆ ಆಡಿಸಿ ಕೇಳಿದ. ‘ಯಾರಿಗೆ ತೆಗೆದ್ರಿ ಸಾರ್?’

‘ತೆಗೆದಿತ್ತಪ್ಪಾ, ಬಂದು ಹೊಡೆದ’ ಅಂದೆ. ಇನ್ನೂ ಅದೇ ಮಾತು.

ಅವನು ನಕ್ಕ. ‘ಪೂರ್ತಿ ತೆಗೆದಿರೋ ಬಾಗಿಲಿಗೆ ಹಿಂದಿನಿಂದ ಹೊಡೆದ್ರೆ ಒಳಗಡೆ ಪ್ಯಾಡ್ ಹರೀಬೇಕು ಸಾರ್. ಪ್ಯಾಡ್ ಮೇಲೆ ಒಂದು ಗೀರೂ ಇಲ್ಲ. ಹೊಡೆತ ಎಲ್ಲಾ ಅಂಚಿಗೆ ಬಿದ್ದಿದೆ. ಒಂದು ಗೇಣು ತೆಗೆದಿರಬೇಕು, ಅಷ್ಟರಲ್ಲಿ ತಗುಲಿದೆ.’

ಅಂದರೆ ಆ ಯಜಮಾನರು ಹೇಳಿದ್ದು ಅಕ್ಷರಶಃ ನಿಜ. ಅವರು ಬರುವಾಗ ಬಾಗಿಲು ಇರಲಿಲ್ಲ.

ಆದರೆ ಅದೇ ಸಾಕ್ಷಿ ಇನ್ನೊಂದನ್ನೂ ಹೇಳುತ್ತೆ. ಒಂದು ಗೇಣು ತೆಗೆದ ಬಾಗಿಲಿಗೆ ತಾಗಬೇಕಾದರೆ ಅವರು ನನ್ನ ಕಾರಿಗೆ ಅಂಟಿಕೊಂಡೇ ಬಂದಿರಬೇಕು. ಒಂದು ಮೊಳ ಆಚೆ ಬಂದಿದ್ದರೆ ಏನೂ ಆಗ್ತಿರಲಿಲ್ಲ. ನನ್ನೊಳಗಿನ ವಕೀಲ ಕೂಡಲೇ ಎದ್ದು ಕೂತ. ಮೊಳ ಆಚೆ ಯಾಕೆ ಬರಲಿಲ್ಲ ಅಂತ ಡ್ಯಾಶ್‌ಕ್ಯಾಮ್‌ನಲ್ಲಿ ಮತ್ತೆ ನೋಡಿದೆ. ಎದುರಿನಿಂದ ಒಂದು ಬಸ್ಸು ಬರ್ತಿತ್ತು. ನಾನು ನಿಲ್ಲಿಸಿದ ಕಾರಿಗೂ ಆ ಬಸ್ಸಿಗೂ ನಡುವೆ ಅವರಿಗೆ ಉಳಿದಿದ್ದು ಅಷ್ಟೇ ಜಾಗ.

ಇದಾದ ಮೇಲೆ ಸ್ವಲ್ಪ ಓದಿದೆ. ಹಳೇ ಇಂಗ್ಲಿಷ್ ಕೇಸುಗಳಲ್ಲಿ ಒಂದು ಕತ್ತೆಯ ಕೇಸು ಇದೆ, 1842ರದ್ದು, ಡೇವಿಸ್ ವಿರುದ್ಧ ಮ್ಯಾನ್ ಅಂತ. ಒಬ್ಬ ತನ್ನ ಕತ್ತೆಯ ಮುಂಗಾಲು ಕಟ್ಟಿ ರಸ್ತೆಬದಿ ಮೇಯೋಕೆ ಬಿಟ್ಟಿದ್ದ. ಮೂರು ಕುದುರೆ ಕಟ್ಟಿದ ಒಂದು ಗಾಡಿ ಇಳಿಜಾರಲ್ಲಿ ರಭಸವಾಗಿ ಬಂದು ಅದರ ಮೇಲೆ ಹರೀತು, ಕತ್ತೆ ಸತ್ತಿತು. ರಸ್ತೆಯಲ್ಲಿ ಕಾಲು ಕಟ್ಟಿ ಬಿಟ್ಟಿದ್ದು ನಿನ್ನ ತಪ್ಪು ಅಂತ ಗಾಡಿಯವನ ಕಡೆಯವರು. ಕೋರ್ಟು ಕತ್ತೆ ಯಜಮಾನನಿಗೇ ಪರಿಹಾರ ಕೊಡಿಸಿತು. ಕತ್ತೆ ಅಲ್ಲಿದ್ದದ್ದು ತಪ್ಪೇ ಇರಲಿ, ಜೋಪಾನವಾಗಿ ಹೊಡೆದಿದ್ದರೆ ತಪ್ಪಿಸಬಹುದಿತ್ತಲ್ಲ. ಇಲ್ಲದಿದ್ದರೆ ರಸ್ತೆ ಮೇಲೆ ಮಲಗಿರುವ ಮನುಷ್ಯನ ಮೇಲೂ ಹರಿಸಿ ಸರಿ ಅನ್ನಬಹುದು ಅನ್ನೋ ಅರ್ಥದ ಮಾತು ತೀರ್ಪಿನಲ್ಲಿ ಬರುತ್ತೆ. ಕೊನೇ ಗಳಿಗೆಯಲ್ಲಿ ತಪ್ಪಿಸೋ ಅವಕಾಶ ಯಾರ ಕೈಯಲ್ಲಿತ್ತೋ ಅವನದು ಹೊಣೆ.

ಮೊದಲು ಓದಿದಾಗ ಖುಷಿಯಾಯ್ತು. ನನ್ನ ಕಾರೇ ಕತ್ತೆ, ಎಕ್ಸೆಲ್ಲೇ ಕುದುರೆಗಾಡಿ! ಆದರೆ ಎರಡನೇ ಸಲ ಯೋಚಿಸಿದರೆ ಕತ್ತೆ ಅಲ್ಲಿ ಮೊದಲಿಂದ ಇತ್ತು. ಗಾಡಿಯವನು ಅದನ್ನ ನೋಡಬಹುದಿತ್ತು. ನನ್ನ ಕಾರು ಮೊದಲಿಂದ ಇತ್ತು, ಬಾಗಿಲು ಇರಲಿಲ್ಲ. ಕೊನೇ ಗಳಿಗೆ ಅಮ್ಮನ ಕೈಯಲ್ಲಿತ್ತು. ಮೂವತ್ತಮೂರು ವರ್ಷ ಹಿಂದಿನ ಇನ್ನೊಂದು ಕೇಸಲ್ಲಿ (ಬಟರ್‌ಫೀಲ್ಡ್, 1809) ಮನೆ ರಿಪೇರಿಗೆ ಅಂತ ರಸ್ತೆಗೆ ಅಡ್ಡ ಕಂಬ ಹಾಕಿದ್ದವನು ಪಾರಾದ, ಮುಸ್ಸಂಜೆಯಲ್ಲಿ ಕುದುರೆ ಓಡಿಸಿಕೊಂಡು ಬಂದು ಬಿದ್ದವನಿಗೆ ಒಂದು ಕಾಸೂ ಸಿಗಲಿಲ್ಲ, ನೋಡಿಕೊಂಡು ಬರಬೇಕಿತ್ತು ಅಂತ. ಆ ಕಾಲದಲ್ಲಿ ತಪ್ಪು ಅಂದರೆ ಪೂರ್ತಿ ಇವನದು, ಇಲ್ಲ ಪೂರ್ತಿ ಅವನದು. ಭಾಗ ಹಾಕೋ ಕಾನೂನು ಇಂಗ್ಲೆಂಡಿಗೆ ಬಂದಿದ್ದು 1945ರಲ್ಲಿ. ನಮ್ಮ ಮೋಟಾರು ಅಪಘಾತ ನ್ಯಾಯಮಂಡಳಿಗಳೂ ಈಗ ಶೇಕಡಾವಾರು ಭಾಗ ಹಾಕುತ್ತವೆ.

ನನಗೆ ಹೆಚ್ಚು ಕಸಿವಿಸಿ ಮಾಡಿದ್ದು ಕತ್ತೆಯಲ್ಲ, ನಮ್ಮದೇ ಕಾನೂನು. ಮೊದಲನೆಯದು, ‘ನಿಂತಿರೋ ಕಾರು’ ಅನ್ನೋ ವಾದಕ್ಕೆ ಬೆಲೆಯೇ ಇಲ್ಲ. ರಸ್ತೆಬದಿ ಉರುಳಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಕೆಲವು ಗಂಟೆ ಆದಮೇಲೆ ಸಿಡಿದ ಪ್ರಕರಣದಲ್ಲಿ, 1991ರಲ್ಲೇ ಸುಪ್ರೀಂ ಕೋರ್ಟು, ವಾಹನ ನಿಂತಿದ್ದರೂ ಅದು ‘ಬಳಕೆ’ಯೇ ಅಂದಿದೆ. ಎರಡನೆಯದು, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್. ಅದರ ಪ್ರಕಾರ ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ, ಯಾರ ತಪ್ಪು ಅಂತ ಸಾಬೀತು ಮಾಡುವ ಅಗತ್ಯವೇ ಇಲ್ಲ. ಮೂಳೆ ಮುರಿತ ನಮ್ಮ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ಅದನ್ನ ಕೊಡೋದೂ ನಾನಲ್ಲ, ನಾನು ವರ್ಷಾ ವರ್ಷಾ ಪ್ರೀಮಿಯಂ ಕಟ್ಟೋ ಇನ್ಶೂರೆನ್ಸ್ ಕಂಪನಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಇದಕ್ಕೆ, ನನ್ನ ಬಾಗಿಲು ತಾಗಿ ಬಿದ್ದ ಅಪರಿಚಿತನಿಗೆ.

ಹಾಗಿದ್ದರೆ ಬೀದಿಯಲ್ಲಿ ಅಷ್ಟು ಕೂಗಾಡಿ ನಾನು ಉಳಿಸಿದ್ದು ಯಾರ ದುಡ್ಡು?

*

ಇದೆಲ್ಲಾ ಗೊತ್ತಾದ ಮೇಲೂ ಐದು ವಾರ ಏನೂ ಮಾಡಲಿಲ್ಲ. ರಿಲೀಸ್ ಇತ್ತು, ಮಗಳ ಸ್ಕೂಲ್ ಶುರುವಾಯ್ತು, ಇತ್ಯಾದಿ. ನಿಜವಾದ ಕಾರಣ ಅದಲ್ಲ ಅಂತ ನಿಮಗೂ ಗೊತ್ತು.

ಅಮ್ಮ ಮಾತ್ರ ಫೋನ್ ಮಾಡಿದಾಗಲೆಲ್ಲ ಕೇಳ್ತಿದ್ದರು. ‘ಆಯಪ್ಪನ ಕೈ ಏನಾಯ್ತೋ.’ ಊಟ ಸರಿಯಾಗಿ ಮಾಡ್ತಿಲ್ಲ ಅಂತ ಅಪ್ಪ ಹೇಳಿದರು. ಊರಲ್ಲಿ ಎಲ್ಲರೂ ‘ಬೇಕಂತ ಮಾಡಿದ್ಯಾ, ನಿಂದೇನು ತಪ್ಪು’ ಅಂತ ಸಮಾಧಾನ ಹೇಳಿದರಂತೆ. ನಾನೂ ಅದನ್ನೇ ಹೇಳಿದೆ, ಪುರಸಭೆ ತನಕ ಹೋಗೋ ನನ್ನ ಪೋಸ್ಟ್‌ಮಾರ್ಟಂ ಸಮೇತ. ಅಮ್ಮ ಎಲ್ಲಾ ಕೇಳಿಸಿಕೊಂಡು, ‘ಅದೆಲ್ಲಾ ಸರಿ ಕಣಪ್ಪಾ, ಬಾಗ್ಲು ತೆಗೆದ ಕೈ ನಂದಲ್ವಾ’ ಅಂದರು.

ಬರ್ನಾರ್ಡ್ ವಿಲಿಯಮ್ಸ್ ಅನ್ನೋ ಬ್ರಿಟಿಷ್ ತತ್ವಶಾಸ್ತ್ರಜ್ಞ 1976ರಲ್ಲಿ ಇದೇ ವಿಷಯ ಎತ್ತಿದ್ದ. ಒಬ್ಬ ಲಾರಿ ಚಾಲಕ, ಅವನ ತಪ್ಪೇನೂ ಇಲ್ಲ, ಮಗು ಅಡ್ಡ ಬಂತು, ಸತ್ತಿತು. ಸುತ್ತ ಇದ್ದವರೆಲ್ಲ ನಿನ್ನ ತಪ್ಪಲ್ಲ ಅಂತ ಹೇಳಬೇಕು, ಹೇಳೋದು ಸರಿಯೇ. ಆದರೆ ಆ ಚಾಲಕ ‘ಹೌದಲ್ವಾ’ ಅಂತ ಕೂಡಲೇ ಒಪ್ಪಿ ಟೀ ಕುಡಿಯೋಕೆ ಹೋದರೆ ನಮಗೆ ಅವನ ಬಗ್ಗೆ ಏನೋ ಅನುಮಾನ ಬರುತ್ತೆ. ಪಕ್ಕದಲ್ಲಿ ನಿಂತು ನೋಡಿದವನ ದುಃಖ ಬೇರೆ, ಕೈಯಿಂದ ಆದವನ ದುಃಖ ಬೇರೆ. ಎರಡನೆಯದಕ್ಕೆ ಏನಾದರೂ ಮಾಡಬೇಕು ಅನ್ನೋ ತುಡಿತ ಇರುತ್ತೆ. ಅಮ್ಮನಿಗೆ ಇದ್ದಿದ್ದು ಅದು. ನಾನು ಅದನ್ನ ಟೆನ್ಷನ್ ಅಂತ ತಿಳಿದು ಕಡಿಮೆ ಮಾಡೋಕೆ ನೋಡಿದೆ. ಬೀದಿಯಲ್ಲಿ ‘ಏನೂ ಹೇಳ್ಬೇಡ’ ಅಂದಾಗ ನಾನು ಅಮ್ಮನನ್ನ ಕಾಪಾಡ್ತಿದೀನಿ ಅಂದುಕೊಂಡಿದ್ದೆ. ಅವರಿಗೆ ಆ ಹೊತ್ತಲ್ಲಿ ಬೇಕಿದ್ದ ಒಂದೇ ಒಂದನ್ನ ಕಿತ್ತುಕೊಂಡಿದ್ದೆ.

ಇನ್ನು ಆ ಮೂರು ಸಾವಿರ. ಕೊಡಬೇಕಾದ ದುಡ್ಡನ್ನ ದಾನ ಅಂತ ಕೊಟ್ಟರೆ ಏನಾಗುತ್ತೆ ಅಂತ ಯೋಚಿಸಿ ನೋಡಿ. ಸಾಲ ತೀರಿಸೋಕೆ ಬಂದವನು ತಲೆ ತಗ್ಗಿಸಬೇಕು, ಇಸ್ಕೊಳ್ಳೋನು ಎಣಿಸಿ ತಗೊಳ್ತಾನೆ, ಕಡಿಮೆ ಇದ್ದರೆ ಕೇಳ್ತಾನೆ. ದಾನದಲ್ಲಿ ಅದು ತಿರುಗಾಮುರುಗಾ. ಕೊಟ್ಟವನು ದೊಡ್ಡವನು, ಇಸ್ಕೊಂಡವನು ಕೈ ಮುಗೀಬೇಕು, ಎಷ್ಟು ಅಂತ ಕೇಳೋ ಹಾಗಿಲ್ಲ. ಆ ಯಜಮಾನರು ನಿಜವಾಗಲೂ ಎಡಗೈ ಎದೆಗೆ ಇಟ್ಟುಕೊಂಡು ನನಗೆ ನಮಸ್ಕಾರ ಮಾಡಿದ್ದರು. ನನ್ನ ಕಾರಿನ ಬಾಗಿಲು ಅವರ ಮಣಿಕಟ್ಟು ಮುರಿದಿದ್ದಕ್ಕೆ ಅವರಿಂದ ನಮಸ್ಕಾರ. ಮಾನವೀಯತೆ ದೃಷ್ಟಿ ಅಂದರೆ ಇದು. ಅಪಘಾತದ ಸುದ್ದಿಗಳಲ್ಲಿ ಈ ಪದ ಕಂಡಾಗೆಲ್ಲ ಈಗ ಸ್ವಲ್ಪ ನಿಂತು ಓದ್ತೀನಿ.

*

ಜುಲೈ ಎರಡನೇ ಭಾನುವಾರ ಅಮ್ಮನನ್ನ ಕರ್ಕೊಂಡು ಅವರ ಊರಿಗೆ ಹೋದೆ. ಹೋಟೆಲಲ್ಲಿ ಕೇಳಿದ್ದಕ್ಕೆ ಮನೆ ಗುರುತು ಹೇಳಿದರು. ಜೊತೆಗೇ ಹೇಳಿದ್ದು, ಅವರ ವರ್ತನೆ ನಿಂತುಹೋಗಿದೆ, ಈಗ ಪ್ಯಾಕೆಟ್ ಹಾಲು ತರಿಸ್ತೀವಿ ಅಂತ.

ಹೆಂಚಿನ ಮನೆ, ಮುಂದೆ ಶೀಟ್ ಹಾಕಿದ ಕೊಟ್ಟಿಗೆ, ಎರಡು ಸೀಮೆ ಹಸ. ಬ್ಯಾಂಡೇಜು ಬಿಚ್ಚಿ ನಾಲ್ಕು ದಿನ ಆಗಿತ್ತು. ಕೈ ತೆಳ್ಳಗಾಗಿತ್ತು, ಮುಷ್ಟಿ ಪೂರ್ತಿ ಕಟ್ಟೋಕೆ ಬರ್ತಿರಲಿಲ್ಲ. ನಮ್ಮನ್ನ ನೋಡಿ ಮೊದಲು ಗಾಬರಿಯಾದರು, ದುಡ್ಡು ವಾಪಸ್ ಕೇಳೋಕೆ ಬಂದಿದೀವೇನೋ ಅಂತ.

ಗ್ಯಾರೇಜಿನವನು ಹೇಳಿದ್ದನ್ನ ಹೇಳಿದೆ. ‘ನೀವು ಹೇಳಿದ್ದೇ ನಿಜ, ನೀವು ಬರುವಾಗ ಬಾಗಿಲು ತೆಗೆದಿರಲಿಲ್ಲ’ ಅಂದೆ. ಏನೋ ದೊಡ್ಡ ಸತ್ಯ ಕಂಡುಹಿಡಿದುಕೊಂಡು ಬಂದವನ ಹಾಗೆ.

ಅವರು ನನ್ನ ಮುಖ ನೋಡಿ, ‘ಅದು ನನ್ಗೊತ್ತಿತ್ತಲ್ಲ ಸಾಮಿ. ಗುದ್ದಿದ್ದು ನಾನೇ ಅಲ್ವಾ?’ ಅಂದರು.

ಅಮ್ಮ ಅಷ್ಟೊತ್ತಿಗೆ ಅಳೋಕೆ ಶುರು ಮಾಡಿದ್ದರು. ‘ನಾನೇ ಅಣ್ಣಾ, ನೋಡ್ದೆ ತೆಗೆದ್ಬಿಟ್ಟೆ’ ಅಂತ ಅವತ್ತು ಅರ್ಧಕ್ಕೆ ನಿಂತಿದ್ದ ವಾಕ್ಯ ಮುಗಿಸಿದರು. ಅವರು ‘ಬಿಡು ತಾಯಿ, ಯಾರ್ ಬೇಕಂತ ತೆಗೀತಾರೆ’ ಅಂದು ಹೆಂಡತಿಗೆ ಕಾಫಿ ಮಾಡೋಕೆ ಹೇಳಿದರು.

ಇನ್ಶೂರೆನ್ಸ್ ವಿಷಯ ತೆಗೆದೆ. ಕೇಸು ಕೊಡಿ, ನಾನೇ ಬಂದು ನಡೆದದ್ದನ್ನ ನಡೆದ ಹಾಗೆ ಹೇಳ್ತೀನಿ, ಎರಡೂವರೆ ಲಕ್ಷ ಬರೋ ಅವಕಾಶ ಇದೆ ಅಂದೆ. ಅವರು ಕೇಳಿಸಿಕೊಂಡರು. ಎಷ್ಟು ಸಲ ಹೋಗಬೇಕು ಅಂತ ಕೇಳಿದರು. ನನಗೆ ನಿಖರವಾಗಿ ಹೇಳೋಕಾಗಲಿಲ್ಲ. ‘ನಾನ್ ಕೋರ್ಟ್‌ಗ್ ಓಡಾಡಿದ್ರೆ ಹಸ ಯಾರ್ ನೋಡ್ತಾರೆ’ ಅಂದು ಆ ಮಾತನ್ನ ಅಲ್ಲಿಗೇ ಬಿಟ್ಟರು. ನಾನು ಇನ್ನೂ ಒತ್ತಾಯ ಮಾಡಬೇಕಿತ್ತಾ? ಅದು ಇವತ್ತಿಗೂ ಬಗೆಹರಿದಿಲ್ಲ.

‘ಹಾಗಾದ್ರೆ ಖರ್ಚು ಎಷ್ಟಾಗಿದೆ ಹೇಳಿ, ನಾನು ಕೊಡ್ತೀನಿ’ ಅಂದೆ. ಇದಕ್ಕೆ ಅವರು ಬೇಡ ಅನ್ನಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಹಳೇ ತಿಂಗಳ ಹಾಳೆ ಹರಿದು, ಹಿಂಬದಿಗೆ ಮಗನ ಕೈಲಿ ಬರೆಸಿದರು. ಎಕ್ಸ್‌ರೇ, ಬ್ಯಾಂಡೇಜು, ಮಾತ್ರೆ 6,400. ಹುಲ್ಲು ಕೊಯ್ಯೋಕೆ, ಹಾಲು ಸಾಗಿಸೋಕೆ ಹುಡುಗನಿಗೆ ದಿನಕ್ಕೆ 200ರಂತೆ ನಲವತ್ತೈದು ದಿನ, 9,000. ಗಾಡಿ ರಿಪೇರಿ 1,850. ಚೆಲ್ಲಿದ ಹಾಲು ಹದಿನಾಲ್ಕು ಲೀಟರ್, 45ರಂತೆ 630. ಒಟ್ಟು 17,880. ಹೋಟೆಲ್ ವರ್ತನೆ ಹೋಗಿದ್ದನ್ನ ಬರೆಸಲಿಲ್ಲ. ನೋವಿಗೆ ಅಂತ ಏನೂ ಇಲ್ಲ.

ಆಮೇಲೆ ಮಗನಿಗೆ, ‘ಅರ್ಧ ಮಾಡು’ ಅಂದರು.

ಯಾಕೆ ಅಂತ ಕೇಳಿದೆ. ‘ಬಸ್ಸು ಬತ್ತಿತ್ತು, ನಾನು ನಿಲ್ಸಬೋದಿತ್ತು. ಹೋಟೆಲ್‌ಗ್ ಲೇಟಾಯ್ತದೆ ಅಂತ ನುಗ್ಗಿಸ್ದೆ. ಅದು ನಂದು.’ ಅರ್ಧ 8,940. ಅದರಲ್ಲಿ ಮೊದಲು ಕೊಟ್ಟ ಮೂರು ಸಾವಿರ ಕಳೆದು 5,940. ನಾನು ಪೂರ್ತಿ ಕೊಡೋಕೆ ಹೋದೆ. ತಪ್ಪು ಇಬ್ಬರದೂ ಇರಬಹುದು, ಮುರಿದಿದ್ದು ನಿಮ್ಮ ಕೈ ಒಂದೇ, ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆ ಮೇಲೆ ಮುಳ್ಳು ಬಿದ್ದರೂ ಹರಿಯೋದು ಬಟ್ಟೆಯೇ ಅಲ್ವಾ, ಹಾಗಿರುವಾಗ ಖರ್ಚನ್ನ ಅರ್ಧ ಮಾಡೋದು ಯಾವ ಲೆಕ್ಕ ಅಂತ ವಾದ ಮಾಡಿದೆ. ಎರಡು ಟನ್ ಹತ್ತಿರದ ಕಾರು ತಂದವನೂ ಎಕ್ಸೆಲ್ ತಂದವನೂ ರಸ್ತೆಗೆ ಸಮನಾದ ಅಪಾಯ ತಂದಿರಲ್ಲ ಅಂತಲೂ ಹೇಳಬೇಕು ಅನ್ನಿಸ್ತು. ಅದನ್ನ ಅವರ ಭಾಷೆಯಲ್ಲಿ ಹೇಗೆ ಹೇಳೋದು ಅಂತ ಯೋಚಿಸ್ತಿರುವಾಗ ಅಮ್ಮ ನನ್ನ ಕೈ ತಟ್ಟಿ, ‘ಅವರು ಹೇಳಿದಷ್ಟು ಕೊಡು’ ಅಂದರು.

ಕೊಟ್ಟೆ. ಅವರು ಎಡಗೈಯಲ್ಲಿ ನಿಧಾನವಾಗಿ ಎರಡು ಸಲ ಎಣಿಸಿದರು. ಅರವತ್ತು ರೂಪಾಯಿ ಚಿಲ್ಲರೆ ವಾಪಸ್ ಕೊಟ್ಟರು. ನಮಸ್ಕಾರ ಮಾಡಲಿಲ್ಲ.

ಆ ಅರ್ಧದ ಲೆಕ್ಕ ನನಗೆ ಈಗಲೂ ಒಪ್ಪಿಗೆಯಿಲ್ಲ. ಮಣಿಕಟ್ಟು ತನ್ನದಾದವನು ತನ್ನ ಭಾಗದ ತಪ್ಪನ್ನ ಸಲೀಸಾಗಿ ಎತ್ತಿ ಇಟ್ಟ, ಬಾಗಿಲು ಮಾತ್ರ ಬೆಂಡಾದವನು ಏಳು ವಾರ ತಗೊಂಡ ಅನ್ನೋದಂತೂ ಇದೆ.

ವಾಪಸ್ ಊರಿಗೆ ಬರುವಾಗ ಅಮ್ಮ ಎಡಗಡೆ ಕೂತಿದ್ದರು. ಮನೆ ಮುಂದೆ ನಿಲ್ಲಿಸಿದೆ. ಆ ಬೀದಿಯಲ್ಲಿ ಕೋಳಿ ಬಿಟ್ಟರೆ ಏನೂ ಬರಲ್ಲ.

‘ತೆಗೀಲಾ?’ ಅಂತ ಕೇಳಿದರು.

ಕನ್ನಡಿ ನೋಡಿದೆ, ತಿರುಗಿ ಹಿಂದೆ ನೋಡಿದೆ. ‘ತೆಗಿಯಮ್ಮ’ ಅಂದೆ.